ಹಿಂದಿನ ಸೀಟು

"ಮೊದಲ ರಾತ್ರಿ ಪಾಸಾವ್ ಊರಲ್ಲಿ. ಬೆಳಿಗ್ಗೆ ತಿಂಡಿ ತಿಂದು ಸೈಕಲ್ ತಗೊಳ್ಳೋದು. ಕರೆಂಟ್ ಸೈಕಲ್, ಒಂದು," ಎಂದು ಲೈಲ್ ಕಂಪ್ಯೂಟರಿನ ಪರದೆ ನೋಡಿ ಓದಿದ.

ಬೆರಳನ್ನು ಲೋಟದ ಅಂಚಿಗೆ ಒತ್ತಿಕೊಂಡು ಕಾಫಿ ಬಗ್ಗಿಸುತ್ತಿದ್ದ ಅವನ ಹೆಂಡತಿ ವರ್ನಾ ಅಲ್ಲೇ ನಿಲ್ಲಿಸಿದಳು. "ಅದನ್ನೆಲ್ಲ ರದ್ದು ಮಾಡು ಅಂದಿದ್ನಲ್ಲ."

"ಮಾಡಿದೆ. ಎರಡು ಸೈಕಲ್ ರದ್ದು ಮಾಡಿ, ಒಂದು ತಗೊಂಡೆ. ಎರಡು ಸೀಟಿಂದು. ನಾನು ಮುಂದೆ, ನೀನು ಹಿಂದೆ."

ಯುರೋಪಿನ ಡ್ಯಾನ್ಯೂಬ್ ನದಿಯ ದಂಡೆ ಹಿಡಿದು ಪಾಸಾವ್‌ನಿಂದ ವಿಯೆನ್ನಾದವರೆಗೆ ಸೈಕಲ್ ತುಳಿಯಬೇಕೆಂಬುದು ವರ್ನಾಳ ಬಹುದಿನದ ಆಸೆ. ಅಮೆರಿಕದ ತಮ್ಮೂರು ಡುಲೂತಿನ ಏರುರಸ್ತೆಗಳಲ್ಲಿ, ಅರವತ್ತು ದಾಟಿದ ಮೇಲೂ, ಅವಳನ್ನು ಹಿಂದೆ ಹಾಕಿದವರಿರಲಿಲ್ಲ. ಲೈಲ್‌ನ ಮಂಡಿನೋವಿನ ದೆಸೆಯಿಂದಲೇ ಅವರು ಮೋಟರ್ ಇರುವ ಸೈಕಲ್‌ಗಳನ್ನು ಬಾಡಿಗೆಗೆ ಗೊತ್ತುಮಾಡಿದ್ದು. ಆದರೆ ಈ ಚಳಿಗಾಲ ಕಳೆಯುವಷ್ಟರಲ್ಲಿ ವರ್ನಾಳ ದೃಷ್ಟಿಯ ನಡುಭಾಗ ಮಸುಕಾಗಿಹೋಯಿತು. ಅಂಚಿನಲ್ಲಿದ್ದದ್ದು ಕಾಣುತ್ತಿತ್ತು, ನೇರ ನೋಡಿದ್ದು ಕರಗಿಬಿಡುತ್ತಿತ್ತು. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇನ್ನು ರಸ್ತೆಯ ಮೇಲೆ ಸೈಕಲ್ ಹೊಡೆಯಬೇಡಿ ಎಂದು ಡಾಕ್ಟರು ಹೇಳಿದ ದಿನ ಅವಳು ಕಾರಿನಲ್ಲಿ ಒಂದೇ ಮಾತಾಡಿದ್ದಳು, ಪ್ರವಾಸ ಬೇಡ ಎಂದು.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಈಗಲೂ ಬೇಡ ಅಂತೀನಿ. ಮೂಟೆ ಥರ ಹಿಂದೆ ಕೂತ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಸಿಟಿ ಬಸ್ಸಿದೆ."

"ಮೂಟೆ ಪೆಡಲ್ ತುಳಿಯಲ್ಲ. ನೀನು ತುಳೀಬೇಕಾಗತ್ತೆ."

"ನೀನು ಸೈಕಲ್ ಹೊಡೆಯೋ ಚಂದ ನಂಗೊತ್ತಿಲ್ವಾ ಮಾರಾಯ? ತನ್ನ ಪಾಡಿಗೆ ನಿಂತಿದ್ದ ಅಂಚೆಡಬ್ಬಿಗೆ ಹೋಗಿ ಗುದ್ದಿದೋನು ನೀನು."

"ಅದು ರಸ್ತೆಗೆ ತೀರಾ ಹತ್ತಿರ ಇತ್ತು," ಎಂದ ಲೈಲ್. ಆಮೇಲೆ ದನಿ ತಗ್ಗಿಸಿ, "ಸರೋವರದ ಹತ್ತಿರದ ಅಂಗಡೀಲಿ ಅಂಥದ್ದೇ ಒಂದು ಸೈಕಲ್ ಬಾಡಿಗೆಗೆ ಕೊಡ್ತಾರೆ. ಒಂದು ಸಲ ಹತ್ತಿ ನೋಡು. ಆಮೇಲೂ ಬೇಡ ಅಂದ್ರೆ ನಿನ್ನೆದುರೇ ಎಲ್ಲ ರದ್ದು ಮಾಡ್ತೀನಿ," ಎಂದ.

ಶನಿವಾರ ಆ ಸೈಕಲ್ಲನ್ನು ಬಾಡಿಗೆಗೆ ತಂದರು. ಚರ್ಚಿನ ಕಾರು ನಿಲ್ಲಿಸುವ ಅಂಗಳ ಖಾಲಿಯಿತ್ತು. ಏಪ್ರಿಲ್ ಬಂದಿದ್ದರೂ ಸರೋವರದಲ್ಲಿ ಮಂಜುಗಡ್ಡೆ ತೇಲುತ್ತಲೇ ಇತ್ತು. ಮಾತಾಡಿದರೆ ಬಾಯಿಂದ ಹೊಗೆಯೇಳುತ್ತಿತ್ತು. ಇಬ್ಬರೂ ಹತ್ತಿ ಪೆಡಲ್ ಒತ್ತಿದ್ದೇ ತಡ, ಮೋಟರ್ ಹಿಂದಿನಿಂದ ಯಾರೋ ನೂಕಿದಂತೆ ನೂಕಿತು. ಲೈಲ್ ಬೆದರಿ ಬ್ರೇಕ್ ಹಿಡಿದ. ಸೈಕಲ್ ವಾಲಿತು, ನಾಲ್ಕೂ ಕಾಲು ನೆಲಕ್ಕೆ ಬಂದವು.

"ಬ್ರೇಕ್ ಬಿಡು."

"ಬಿಟ್ಟಿದೀನಿ."

"ಬಿಟ್ಟಿಲ್ಲ. ಇಲ್ಲಿ ನಂಗೆ ಗೊತ್ತಾಗ್ತಿದೆ."

ಎರಡನೆಯ ಸಲ ಅರ್ಧ ಸುತ್ತು ಹೋಗಿ, ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಹಳೆಯ ಹಿಮದೊಳಕ್ಕೆ ಮುಂಚಕ್ರ ಹೂತುಹೋಯಿತು. ವರ್ನಾ ಇಳಿದವಳೇ ಚರ್ಚಿನ ಮೆಟ್ಟಿಲು ತಡವಿಕೊಂಡು ಕುಳಿತುಬಿಟ್ಟಳು. ಲೈಲ್ ಸೈಕಲ್ ಎಳೆದು ನಿಲ್ಲಿಸಿ ಪಕ್ಕಕ್ಕೆ ಬಂದು ಕುಳಿತ.

"ಬಿದ್ದುಬಿಡ್ತೀವಿ ಅಂತ ನಂಗೆ ಭಯ ಇಲ್ಲ," ಎಂದಳು ಅವಳು. "ಬಿದ್ದು ಅಭ್ಯಾಸ ಇದೆ. ಆದ್ರೆ ಅಲ್ಲಿ ನದಿ ಇರತ್ತೆ, ದ್ರಾಕ್ಷಿ ತೋಟ ಇರತ್ತೆ, ಬೆಟ್ಟದ ಮೇಲೆ ಕೋಟೆ ಇರತ್ತೆ. ಎಲ್ಲಾನೂ ನೀನು ಹೇಳ್ಬೇಕು. ನೀನು ಹೇಳೋ ಚಂದ ಗೊತ್ತಲ್ಲ. ಮರ ಅಂತೀಯ. ಮನೆ ಅಂತೀಯ. ಅಲ್ಲಿಗೆ ಮುಗೀತು."

"ಮರಾನ ಇನ್ನೇನು ಅನ್ಲಿ?"

ಲೈಲ್ ಕೈಗವಸು ಬಿಚ್ಚಿ, ಮತ್ತೆ ಹಾಕಿಕೊಂಡ.

"ಮದುವೆಯಾದಾಗಿಂದ ನಿನ್ನ ಬೆನ್ನು ನೋಡ್ಕೊಂಡೇ ಸೈಕಲ್ ಹೊಡೆದೆ ನಾನು," ಎಂದ. "ಯಾವ ಊರು ಬಂತು, ಯಾವ ಸೇತುವೆ ದಾಟಿದ್ವಿ, ಕೇಳಿದ್ರೆ ಒಂದೂ ಹೇಳೋಕಾಗಲ್ಲ. ಮನೆಗೆ ಬಂದ್ಮೇಲೆ ನಿನ್ನ ಫೋಟೋ ನೋಡಿ, ಓ ಇಲ್ಲಿಗೂ ಹೋಗಿದ್ವಾ ಅಂತಿದ್ದೆ. ಆದ್ರೂ ಏನೋ ತಪ್ಪಿಹೋಯ್ತು ಅಂತ ಒಂದು ದಿನಾನೂ ಅನ್ನಿಸ್ಲಿಲ್ಲ ವರ್ನಾ."

ಸರೋವರದ ಕಡೆಯಿಂದ ಗಾಳಿ ಬೀಸಿತು. ವರ್ನಾ ಎದ್ದು, ಸೀಟನ್ನು ಕೈಯಿಂದ ಹುಡುಕಿ ಹತ್ತಿ ಕುಳಿತಳು.

"ಮೋಟರ್ ಕಮ್ಮಿಗಿಡು. ನಾನು ಹೇಳಿದಾಗ ತುಳಿ. ಬಲಗಾಲು ಮೊದಲು."

ಅವಳು ಹಿಂದಿನಿಂದ ಬಲ, ಎಡ ಎಂದು ಲಯ ಹಿಡಿದುಕೊಟ್ಟಳು. ಸೈಕಲ್ ಓಲಾಡಿತು, ಮತ್ತೆ ಓಲಾಡಿತು, ಹಾಗೇ ನೆಟ್ಟಗಾಯಿತು. ಒಂದು ಸುತ್ತು ಆಯಿತು. ಎರಡನೆಯದರಲ್ಲಿ ತಿರುವು ಬಂದಾಗ ಲೈಲ್ ಹೇಳುವ ಮೊದಲೇ ವರ್ನಾ ಮೈ ವಾಲಿಸಿದ್ದಳು. ಗಾಳಿ ಎಡಗೆನ್ನೆಯಿಂದ ಮೂಗಿಗೆ ಸರಿದದ್ದೇ ಅವಳಿಗೆ ಸಾಕಾಗಿತ್ತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಪಕ್ಕದ ಬೀದಿಯ ಆರ್ವಿಡ್ ನಿಂತು ನೋಡಿದ.

"ಲೈಲ್, ಹಿಂದಿನೋರು ಪೆಡಲ್ ತುಳೀತಾನೇ ಇಲ್ಲ ಕಣಯ್ಯಾ."

"ತುಳೀತಿರೋಳು ನಾನೇ," ಎಂದು ವರ್ನಾ ಕೂಗಿ ಹೇಳಿದಳು. "ಇವನು ಬರೀ ಹ್ಯಾಂಡಲ್ ಹಿಡ್ಕೊಂಡಿದ್ದಾನೆ."

ಆರ್ವಿಡ್‌ನ ನಗು ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಸಾಕೆನಿಸಿದಾಗ ಲೈಲ್ ಮೆಲ್ಲಗೆ ಬ್ರೇಕ್ ಹಿಡಿದು, ಎರಡೂ ಕಾಲೂರಿ ಗಟ್ಟಿಯಾಗಿ ನಿಂತ.

"ನೋಡಿದ್ಯಾ? ಏನೂ ಕಷ್ಟ ಇಲ್ಲ," ಎಂದ.

ಇಳಿಯಲು ಆಸರೆಗೆಂದು ವರ್ನಾ ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಆ ಕೊರೆಯುವ ಚಳಿಯಲ್ಲಿ ಅವನ ಉಣ್ಣೆಯ ಅಂಗಿ ಹಿಂಡಿದರೆ ನೀರಿಳಿಯುವಷ್ಟು ಬೆವರಿನಿಂದ ತೊಯ್ದಿತ್ತು. ಅದರ ಕೆಳಗೆ ಎದೆ ಡವಗುಟ್ಟುವುದು ಅಂಗೈಗೆ ತಾಗುತ್ತಿತ್ತು. ಅವಳು ಇಳಿಯಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

"ಹೂಂ, ಏನೂ ಕಷ್ಟ ಇಲ್ಲ," ಎಂದಳು. "ಪೆಟ್ಟಿಗೇಲಿ ಅಂಗಿ ಮಾತ್ರ ದಿನಕ್ಕೆ ಎರಡರ ಹಾಗೆ ಇಟ್ಕೋ."