ಇಲ್ಲದ ಷೇರುಗಳು

ಮಂದಾಕಿನಿಗೆ ತಾಯಿಯಿಂದ ಬಂದಿದ್ದ, ಒಂದೇ ಕಂಪನಿಯ ಸಾವಿರ ಷೇರುಗಳ ಖಾತೆಯನ್ನು ನೋಡಿಕೊಳ್ಳುತ್ತಿದ್ದವನು ಗಂಡ ಸದಾನಂದ. ಎರಡು ವರ್ಷದ ಹಿಂದೆ ಅವಳಿಗೆ ತಿಳಿಸದೆ ಅವನ್ನೆಲ್ಲ ಮಾರಿ, ಬಂದ ದುಡ್ಡನ್ನು ಒಂದೇ ವಾರದ ಟ್ರೇಡಿಂಗ್‌ನಲ್ಲಿ ಕಳೆದಿದ್ದ. ಆಮೇಲೆ ಅವಳ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟ. ಕಂಪನಿಯ ಹೆಸರು, ಷೇರಿನ ಸಂಖ್ಯೆ ತುಂಬಿದರೆ ಸಾಕು, ಅದು ದಿನದ ಬೆಲೆ ತೋರಿಸುತ್ತದೆ. ಷೇರು ನಿಜಕ್ಕೂ ಇದೆಯೇ ಎಂದು ಕೇಳುವುದಿಲ್ಲ. ಅವಳು ದಿನವೂ ನೋಡಿ ಹಿಗ್ಗುತ್ತಿದ್ದಳು. ಆಗೆಲ್ಲ ಅವನು ಏನೋ ನೆಪ ಹೇಳಿ ಎದ್ದುಹೋಗುತ್ತಿದ್ದ.

ಸೋಮವಾರ ಆ ಕಂಪನಿಯೇ ಮುಳುಗಿತು. ಇನ್ನು ತನ್ನ ಕಳ್ಳತನ ಎಂದೂ ಹೊರಬೀಳುವುದಿಲ್ಲ ಎಂದು ಸದಾನಂದನಿಗೆ ಹೊಳೆಯಿತು. ಹಾಗೆ ಹೊಳೆದದ್ದಕ್ಕೇ ನಾಚಿಕೆಯಾಯಿತು.

“ಅಮ್ಮ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದು ರೀ. ಆಸೆಬುರುಕಿ ನಾನು, ಮಾರದೆ ಕೂತೆ. ಎಲ್ಲಾ ನನ್ನಿಂದಲೇ ಹೋಯ್ತು,” ಎಂದು ಅವಳು ಬಿಕ್ಕಿದಳು.

ಅವನಿಗೆ ತಡೆಯಲಾಗಲಿಲ್ಲ. “ಅಳಬೇಡ ಕಣೆ. ನಿನ್ನಿಂದ ಏನೂ ಹೋಗಿಲ್ಲ. ಎರಡು ವರ್ಷದ ಹಿಂದೆಯೇ ನಿನ್ನ ಕೇಳದೆ ನಾನದನ್ನ ಮಾರಿಬಿಟ್ಟೆ.”

ಅವಳು ತಲೆಯೆತ್ತಿದಳು. “ಆಗ ಷೇರಿನ ಬೆಲೆ ಎಂಟುನೂರರ ಮೇಲಿತ್ತಲ್ವಾ?”

“ಹೂಂ.”

ಅವಳು ಕಣ್ಣೊರೆಸಿಕೊಂಡು ಅವನ ಎರಡೂ ಕೈ ಹಿಡಿದುಕೊಂಡಳು.

“ದೇವರಂಥೋರು ರೀ ನೀವು! ಎಲ್ಲಿಟ್ಟಿದ್ದೀರಿ ಆ ದುಡ್ಡು?”