ಬುಟ್ಟಿಯ ಕೆಳಗಿನ ಕತ್ತಲು

ಮೀನು ಬೇಡವೆಂದವರು ತಲೆಯ ಮೇಲಿನ ಬುಟ್ಟಿ ಇಳಿಸಲು ಕೈ ಕೊಡುವುದಿಲ್ಲ. ಇವತ್ತು ಯಾವ ಮನೆಯಲ್ಲೂ ಮೀನು ಬೇಡ. ಹಾಗಾಗಿ ಬೆಳಿಗ್ಗೆಯಿಂದ ಮೀನು ಹೊತ್ತು ಮನೆಮನೆ ತಿರುಗಿದ ಅಮ್ಮನ ನೆತ್ತಿಗೆ ಬಿಸಿಲೇ ಬಿದ್ದಿರಲಿಲ್ಲ.

ಸಕ್ಕರೆ ಕಾಯಿಲೆಯವರೆಲ್ಲರ ಹಾಗೆ ನಮ್ಮಿಬ್ಬರ ನೆತ್ತಿಯಲ್ಲೂ ಡಾಕ್ಟರು, ಮೀನಿನ ತಲೆಯೊಳಗೆ ಬೆಳಕು ಗುರುತಿಸುವ ಆ ಮೂರನೇ ಕಣ್ಣನ್ನು ಕೂರಿಸಿದ್ದಾರೆ. ಬೆಳಕು ಕಂಡರೆ ಅದು ರಕ್ತದ ಸಕ್ಕರೆಯನ್ನು ಹದದಲ್ಲಿಡುತ್ತದೆ. ಹಗಲಲ್ಲಿ ಕತ್ತಲು ಕವಿದರೆ ಗಾಬರಿಬಿದ್ದು ತಳಕ್ಕಿಳಿಸುತ್ತದೆ. ಅದಕ್ಕೇ ಈಗಿನ ಕೊಡೆಗಳಿಗೆಲ್ಲ ನಡುವೆ ತೂತು.

ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ಸಿಗಡಿ ಸುಲಿಯುತ್ತಿದ್ದ ನನ್ನ ಕಣ್ಣೆದುರೇ ಅಮ್ಮ ಬುಟ್ಟಿಸಮೇತ ಕುಸಿದಳು. ನಾನು ತಲುಪುವಷ್ಟರಲ್ಲಿ ಅಂಗಡಿಯ ವಾಸಣ್ಣ ಅವಳನ್ನು ನೆರಳಿಗೆಳೆದು, ಹಳೆಯ ಅಭ್ಯಾಸದಂತೆ ಹೆಗಲ ಮೇಲಿನ ಬೈರಾಸು ಒದ್ದೆ ಮಾಡಿ ತಲೆಗೆ ಹೊದಿಸಿದ್ದ.

"ಬಿಸಿಲಿಗೆ ತಲೆ ತಿರುಗಿದ್ದು ಮಾರಾಯ್ತಿ."

"ನೆರಳು ಬೇಡ ವಾಸಣ್ಣ! ಹೋಗ್ತಾಳೆ ಅವಳು!"

ಬೈರಾಸು ಕಿತ್ತೆಸೆದು ಅಮ್ಮನನ್ನು ಕಾದ ಡಾಂಬರಿಗೆ ಎಳೆದೆ. ಕೂದಲು ಸರಿಸಿ ನೆತ್ತಿಯ ಬೋಳು ಜಾಗವನ್ನು ಬಿಸಿಲಿಗೆ ಹಿಡಿದೆ. "ಹಗಲು, ಇನ್ನೂ ಹಗಲು" ಎಂದು ಆ ಕಣ್ಣಿಗೇ ಕೂಗಿದೆ. ಕೂಗುತ್ತಲೇ ಇದ್ದೆ.

ಕೊನೆಗೆ ಅವಳ ರೆಪ್ಪೆ ಅಲುಗಿತು. ಎಚ್ಚರಾದವಳು ಮೊದಲು ಹುಡುಕಿದ್ದು ಬುಟ್ಟಿಯನ್ನು.

"ಬಂಗುಡೆ ಹಾಳಾಗ್ತದೆ ಸುಗಂಧಿ. ಎತ್ತಿ ನನ್ನ ತಲೆಗಿಡು."

"ನೀನು ಬಿಸಿಲಲ್ಲೇ ಕೂತ್ಕೋ. ನಾನು ಹೋಗ್ತೇನೆ."

"ನಿಂಗೂ ಉಂಟಲ್ಲ ಮಗಾ, ಆ ಕಣ್ಣು..."

ರಾತ್ರಿಯ ಅನ್ನ ಆ ಬುಟ್ಟಿಯಲ್ಲೇ ಇತ್ತು. ಚೆಲ್ಲಿದ ಬಂಗುಡೆಯನ್ನೆಲ್ಲ ಬಾಚಿ ತುಂಬಿದೆ. ಎತ್ತಲು ವಾಸಣ್ಣ ಕೈ ಕೊಟ್ಟ. ಇಳಿಸಲು ಯಾರು ಕೊಡುತ್ತಾರೋ ಗೊತ್ತಿಲ್ಲ. ನನ್ನ ನೆತ್ತಿಯ ಮೇಲೆ ಕತ್ತಲಾಯಿತು.