ಮೂರನೇ ಕಾಲು

ಎರಡು ಕಾಲು ಸರಾಗವಾಗಿ ಇಳಿದವು. ಮೂರನೆಯದು ಜಪ್ಪಯ್ಯ ಅಂದರೂ ಕದಲಲಿಲ್ಲ. ಮಾನಸ ಗುಂಡ್ಲುಪೇಟೆಯ ಸ್ಟುಡಿಯೋದವರಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡಿದ್ದ ಟ್ರೈಪಾಡ್ ಅದು. ಬೆಳಗಾದರೆ ಅವಳು ಮೊದಲ ಸಲ ಮದುವೆಯೊಂದರ ವಿಡಿಯೋ ತೆಗೆಯಬೇಕಿತ್ತು. ಹೆಣಗಿ ಹೆಣಗಿ ಅಂಗೈ ಕೆಂಪಾದ ಮೇಲೆ, ವಿಧಿಯಿಲ್ಲದೆ ಅಪ್ಪನ ಮುಂದೆ ತಂದಿಟ್ಟಳು.

ಪುಟ್ಟಮಾದಯ್ಯ ಉಡಿಗಾಲದ ಸುತ್ತ ಹತ್ತೂರಿಗೆ ಪಂಪ್‌ಸೆಟ್ ರಿಪೇರಿಯವನು. "ಹೆಣ್ಣೈಕ್ಳು ಛತ್ರ ಛತ್ರ ಅಲೆಯೋ ಕೆಲ್ಸನಾ ಇದು? ನೀ ಕ್ಯಾಮೆರಾ ಇಡ್ಕಂಡು ನಿಂತಿರೋ ಛತ್ರದೊಳಕ್ಕೆ ನಾ ಬರಕಿಲ್ಲ" ಎಂದು ತಿಂಗಳಿಂದ ಮುಖ ಊದಿಸಿಕೊಂಡಿದ್ದ. ಆದರೆ ಕೆಟ್ಟ ಸಾಮಾನು ಕಣ್ಣೆದುರು ಇದ್ದರೆ ಅವನ ಕೈ ಸುಮ್ಮನಿರಬೇಕಲ್ಲ!

"ಕೊಡಮ್ಮಿ ಇಲ್ಲಿ."

ಬಿಗಿ ಸಡಿಲಿಸಿ ಒಳಗಿನ ಕೊಳವೆಯನ್ನು ಎಳೆದ. ಸಂದಿಯಲ್ಲಿ ಒಂದು ಹಳದಿ ಅಕ್ಕಿಕಾಳು ಕಚ್ಚಿ ಕೂತಿತ್ತು, ಯಾವ ಮದುವೆಯ ಅಕ್ಷತೆಯೋ. ಪಿನ್ನಿನಿಂದ ಅದನ್ನು ಕಿತ್ತು ತೆಗೆದ. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಯಿತ್ತು. ಮೂವತ್ತು ವರ್ಷದ ಅಭ್ಯಾಸ ಕೇಳಬೇಕಲ್ಲ. ಮಗಳು ಅತ್ತ ಹೋದದ್ದೇ ತಡ, ಪಂಪಿನ ಗ್ರೀಸನ್ನು ಕೊಳವೆಗೆ ಧಾರಾಳವಾಗಿ ಮೆತ್ತಿದ. ಹತ್ತು ವರ್ಷ ಇನ್ನು ಯೋಚನೆಯಿಲ್ಲ ಎಂದುಕೊಂಡ.

ಮರುದಿನ ಅವಳನ್ನು ಛತ್ರದ ಬಾಗಿಲಲ್ಲಿ ಇಳಿಸಿ ಬೈಕು ತಿರುಗಿಸುವಷ್ಟರಲ್ಲಿ ಮಾನಸ ಓಡಿ ಬಂದಳು.

"ಅಪ್ಪಾ, ಕಾಲು ನಿಲ್ತಾನೇ ಇಲ್ಲ. ಏನ್ ಮಾಡ್ದಪ್ಪಾ?"

ಒಳಗೆ ಹೋಗಿ ನೋಡಿದ. ಎಷ್ಟು ಬಿಗಿ ಮಾಡಿದರೂ ಕ್ಯಾಮೆರಾದ ಭಾರಕ್ಕೆ ಆ ಕಾಲು ಮೆಲ್ಲಗೆ ಒಳಸರಿಯುತ್ತಿತ್ತು. ಅವನಿಗೆ ತಟ್ಟನೆ ಹೊಳೆಯಿತು. ಪಂಪಿನಲ್ಲಿ ಎಲ್ಲವೂ ಜಾರಬೇಕು, ಇಲ್ಲಿ ಹಿಡಿದು ನಿಲ್ಲಬೇಕಿತ್ತು. ಟವೆಲಿನಿಂದ ಉಜ್ಜಿದ, ಜಿಡ್ಡು ಹೋಗಲಿಲ್ಲ.

"ಗ್ರೀಸ್ ಆಕ್ಬುಟ್ಟೆ ಕಣಮ್ಮಿ" ಎಂದ. ಹಾಗೆ ತಪ್ಪೊಪ್ಪಿಕೊಂಡು ಅವನಿಗೆ ಅಭ್ಯಾಸವಿರಲಿಲ್ಲ. ಮಾನಸಳ ಕಣ್ಣು ತುಂಬಿತು. ವೇದಿಕೆಯ ಮೇಲೆ ಪುರೋಹಿತರು ವಾದ್ಯದವರಿಗೆ ಕೈಸನ್ನೆ ಮಾಡುತ್ತಿದ್ದರು. ಮತ್ತೊಂದು ಟ್ರೈಪಾಡ್ ತರಲು ಹೊತ್ತಿರಲಿಲ್ಲ.

ಪುಟ್ಟಮಾದಯ್ಯ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತ. ಜಾರುವ ಕಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಅವುಚಿ ಹಿಡಿದ.

"ಈಗ ತಗಿ."

ಗಟ್ಟಿಮೇಳ ಮೊಳಗಿತು. ಮನೆಗೆ ಕರೆಯೋಲೆ ಕೊಡಲು ಬಂದಿದ್ದ ಮದುವೆ ಹುಡುಗಿಯ ಚಿಕ್ಕಪ್ಪ ಗುರುಸ್ವಾಮಿ ಅವನನ್ನು ಕಂಡು ನಕ್ಕ. "ಏನ್ಲಾ ಪುಟ್ಟಮಾದ, ಬರಕಿಲ್ಲ ಅಂದಿದ್ದೆ? ಬಂದಿದ್ದೀಯಲ್ಲ, ಎದ್ದು ಬಾ, ಅಕ್ಷತೆ ಆಕು."

ಹಿಂದಿನಿಂದ ಎಸೆದ ಅಕ್ಷತೆ ಪುಟ್ಟಮಾದಯ್ಯನ ತಲೆ, ಕತ್ತಿನ ಮೇಲೆಲ್ಲ ಉದುರುತ್ತಿತ್ತು. ಅವನು ಕೊಡವಿಕೊಳ್ಳಲೂ ಇಲ್ಲ.

"ಮೆಲ್ಲಗೆ ಮಾತಾಡ್ಲಾ" ಎಂದ. "ನನ್ ಮಗ್ಳು ಕೆಲ್ಸದಲ್ಲಿ ಅವ್ಳೆ."